ಅಕ್ಕನಾಗಮ್ಮನ ಡೆನ್ಮಾರ್ಕ್ ಮುಯ್ಯಿ

ಹರಿಹರದ ಸ್ಟೇಷನ್ ರಸ್ತೆಯಲ್ಲಿದ್ದ ಅಕ್ಕನಾಗಮ್ಮನ ಖಾನಾವಳಿಗೆ ಬೋರ್ಡು ಇರಲಿಲ್ಲ. ಬೋರ್ಡು ಹಾಕಿದರೆ ಹಸಿದವರ ಜೊತೆಗೆ ಬರೀ ಓದು ಬಲ್ಲವರೂ ಒಳಗೆ ಬರುತ್ತಾರೆ ಎಂಬುದು ಆಕೆಯ ಅಭಿಪ್ರಾಯ. ೧೯೯೮ರ ಫೆಬ್ರುವರಿಯಲ್ಲಿ ಒಂದು ಸರ್ಕಾರಿ ಲಕೋಟೆ ಬೋರ್ಡಿನ ಹಂಗಿಲ್ಲದೆ ಖಾನಾವಳಿಯನ್ನು ಹುಡುಕಿಕೊಂಡು ಬಂತು. ದಾವಣಗೆರೆ ಬೇರೆ ಜಿಲ್ಲೆಯಾಗಿ ಆರು ತಿಂಗಳು ಕಳೆದಿದ್ದರೂ ಲಕೋಟೆಯ ಮೇಲೆ ಹರಿಹರ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು.

ಅಕ್ಕನಾಗಮ್ಮನಿಗೆ ಆಗ ಅರವತ್ತಮೂರು ವರ್ಷ. ಕಡರನಾಯಕನಹಳ್ಳಿಯ ಮಗಳು, ಹರಿಹರದ ಸೊಸೆ. ಮಕ್ಕಳಾಗಿರಲಿಲ್ಲ. ಗಂಡ ಕರಿಬಸಪ್ಪ ತೀರಿಕೊಂಡು ಹದಿನಾರು ವರ್ಷವಾಗಿತ್ತು. ಕಾರ್ಖಾನೆಗಳ ಮೂರು ಪಾಳಿಯ ಜನಕ್ಕೆ ರೊಟ್ಟಿ ಬಡಿದು ಬಡಿದು ಆಕೆಯ ಬಲಗೈ ಎಡಗೈಗಿಂತ ಒಂದು ಸುತ್ತು ದಪ್ಪವಾಗಿತ್ತು. ಲಕೋಟೆಯನ್ನು ಆಕೆ ಒಡೆಯಲಿಲ್ಲ. ಸೋಮವಾರ ಊಟಕ್ಕೆ ಬರುವ ಮೈದುನನ ಮಗ ಕೊಟ್ರೇಶನಿಗಾಗಿ ಉಪ್ಪಿನ ಡಬ್ಬಿಯ ಕೆಳಗೆ ಇಟ್ಟಳು. ಕೊಟ್ರೇಶ್ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ವರ್ತಕರ ತೆರಿಗೆ ಲೆಕ್ಕ ಬರೆದುಕೊಡುವವನು.

ಅವನು ಎಡಗೈಯಲ್ಲಿ ಕಾಗದ ಹಿಡಿದು ಓದಿದ. ಬಲಗೈಯ ರೊಟ್ಟಿ ಬಾಯಿಯವರೆಗೆ ಬಂದು ನಿಂತಿತು.

"ದೊಡ್ಡವ್ವ, ನಿನಗ ಫಾರಿನ್ನಾಗ ಬ್ಯಾಂಕ್ ಅಕೌಂಟ್ ಐತೇನು?"

"ಯಾವೂರಾಗ?"

"ಡೆನ್ಮಾರ್ಕ್ ಅಂತ ಬರದಾರೆ."

"ಓ, ಅದಾ. ಅದು ನೀಲ್ಸನ್ನನ ಮುಯ್ಯಿ. ಪಲ್ಯ ಹಾಕ್ಲೇನು?"

ಕೊಟ್ರೇಶನಿಗೆ ಪಲ್ಯ ಬೇಕಾಗಿರಲಿಲ್ಲ. ಅವನು ಕಾಗದದಲ್ಲಿದ್ದುದನ್ನು ದೊಡ್ಡವ್ವನಿಗೆ ಬಿಡಿಸಿ ಹೇಳಿದ. ಡೆನ್ಮಾರ್ಕಿನ ಬ್ಯಾಂಕುಗಳು ಯಾರಿಗೆ ಎಷ್ಟು ಬಡ್ಡಿ ಕೊಟ್ಟೆವೆಂದು ವರ್ಷವರ್ಷ ತಮ್ಮ ಸರ್ಕಾರಕ್ಕೆ ಪಟ್ಟಿ ಕೊಡುತ್ತವೆ. ಪಟ್ಟಿಯಲ್ಲಿ ಪರದೇಶದವರಿದ್ದರೆ ಆ ಸರ್ಕಾರ ಒಪ್ಪಂದದ ಪ್ರಕಾರ ಆಯಾ ದೇಶಕ್ಕೆ ಸುದ್ದಿ ಮುಟ್ಟಿಸುತ್ತದೆ, ತೆರಿಗೆ ತಪ್ಪಿಸಿಕೊಳ್ಳಬಾರದಲ್ಲ. ಹಾಗೆ ಹೊರಟ ಸುದ್ದಿ ದೆಹಲಿಗೆ ಬಂದು, ಬೆಂಗಳೂರಿಗೆ ಇಳಿದು, ಹದಿನಾಲ್ಕು ತಿಂಗಳ ಮೇಲೆ ದಾವಣಗೆರೆಯ ಆದಾಯ ತೆರಿಗೆ ಕಚೇರಿ ಸೇರಿತ್ತು. ಅಕ್ಕನಾಗಮ್ಮ, ಖಾನಾವಳಿ, ಹರಿಹರ: ಈ ಹೆಸರಿನಲ್ಲಿ ಅಲ್ಲಿ ನಮ್ಮ ಹಣದ ಲೆಕ್ಕದಲ್ಲಿ ಒಂದು ಲಕ್ಷ ಎಂಬತ್ತಾರು ಸಾವಿರ ರೂಪಾಯಿ ಇದೆ.

"ಎರಡು ತಿಂಗಳ ಹಿಂದ ಈ ಕಾಗದ ಬಂದಿದ್ರ ಸರ್ಕಾರದ್ದೇ ಒಂದು ಸ್ಕೀಮ್ ಇತ್ತು. ಗುಟ್ಟಿನ ದುಡ್ಡು ಒಪ್ಕೊಂಡು ತೆರಿಗಿ ಕಟ್ಟಿದ್ರ ಕೇಳ್ತಿರ್ಲಿಲ್ಲ. ಡಿಸೆಂಬರಿಗೆ ಮುಗೀತು," ಎಂದು ಕೊಟ್ರೇಶ್ ತಲೆ ಚಚ್ಚಿಕೊಂಡ.

"ಗುಟ್ಟೇನು ಬಂತು ಅದ್ರಾಗ? ಪುಸ್ತಕದಾಗ ಬರದೈತಲ್ಲ," ಎಂದಳು ಅಕ್ಕನಾಗಮ್ಮ.

ಪುಸ್ತಕವೆಂದರೆ ಮುಯ್ಯಿ ಪುಸ್ತಕ. ಒಬ್ಬರ ಮನೆಯ ಮದುವೆಗೆ ಹೋದವರು ಹಣವೋ ಪಾತ್ರೆಯೋ ಸೀರೆಯೋ ಕೊಟ್ಟು ಬರುತ್ತಾರೆ. ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಅದನ್ನು ಸ್ವಲ್ಪ ಮೇಲು ಹಾಕಿ ಹಿಂದಿರುಗಿಸಬೇಕು. ಅದು ಸಾಲವಲ್ಲ, ಆದರೆ ಸಾಲಕ್ಕಿಂತ ಗಟ್ಟಿ. ಕೊಡದಿದ್ದರೆ ಅವಮಾನ, ಬಂದದ್ದನ್ನು ಬೇಡವೆಂದರೆ ಸಂಬಂಧ ಕಡಿದಂತೆ, ಮನೆಯಲ್ಲಿ ಮದುವೆಯಿಲ್ಲದೆ ತೆಗೆದುಕೊಂಡರೆ ಭಿಕ್ಷೆ ಬೇಡಿದಂತೆ. ಅಕ್ಕನಾಗಮ್ಮ ನಲವತ್ತು ವರ್ಷ ಮುಯ್ಯಿ ಮಾಡಿದ್ದಳು. ಆಕೆಯ ಪುಸ್ತಕದಲ್ಲಿ ಕೊಟ್ಟದ್ದರ ಕಡೆ ಮುನ್ನೂರ ಹನ್ನೊಂದು ಹೆಸರುಗಳಿದ್ದವು. ಬಂದದ್ದರ ಕಡೆ ಬರೀ ಗೆರೆ. ನೆಂಟರಿಗೆ, ವರ್ತಕರಿಗೆ, ಓಣಿಯವರಿಗೆಲ್ಲ ಆಕೆಯೆಂದರೆ ಬಲು ಗೌರವ. ಮಕ್ಕಳಿಲ್ಲದ ಮನೆಯ ಮುಯ್ಯಿಯನ್ನು ಎಂದೂ ತೀರಿಸಬೇಕಾಗಿ ಬರುವುದಿಲ್ಲ ಎಂಬುದು ಆ ಗೌರವದ ಒಂದು ಭಾಗ.

ನೀಲ್ಸನ್ ಎಂಬಾತ ೧೯೭೩ರಲ್ಲಿ ಹರಿಹರದ ಒಂದು ಕಾರ್ಖಾನೆಗೆ ಬಾಯ್ಲರ್ ಕೂಡಿಸಲು ಬಂದು, ಖಾನಾವಳಿಯ ಮೇಲಿನ ಕೋಣೆಯಲ್ಲಿ ಎರಡು ವರ್ಷ ಇದ್ದ. ಊಟ, ನೀರು, ಸಾಕು: ಅವನಿಗೆ ಬರುತ್ತಿದ್ದ ಕನ್ನಡ ಇಷ್ಟೇ. ಅವನು ಮೆಚ್ಚಿದ ಹುಡುಗಿ ಡೆನ್ಮಾರ್ಕಿನಿಂದ ಬಂದು, ಬೆಂಗಳೂರಿನಲ್ಲಿ ಇಬ್ಬರೂ ರಿಜಿಸ್ಟರ್ ಮದುವೆಯಾದಾಗ ಅಕ್ಕನಾಗಮ್ಮ ಹಿತ್ತಲಲ್ಲಿ ಚಪ್ಪರ ಹಾಕಿ ಊಟ ಹಾಕಿಸಿದಳು. ಮುಯ್ಯಿಗೆ ಒಂದು ಇಳಕಲ್ ಸೀರೆ, ಒಂದು ಬೆಳ್ಳಿ ಬಟ್ಟಲು, ನೂರಾ ಒಂದು ರೂಪಾಯಿ. ಕರಿಬಸಪ್ಪ ಪುಸ್ತಕದಲ್ಲಿ ಬರೆಯುವುದನ್ನು ಕಂಡು ನೀಲ್ಸನ್ ಅದೇನೆಂದು ಕೇಳಿದ. ಇಂಗ್ಲಿಷ್ ಬಲ್ಲ ಯಾರೋ ವಿವರಿಸಿದರು. ಇವರ ಮನೆಯಲ್ಲಿ ಮದುವೆಯೇ ಆಗದಿದ್ದರೆ ಏನು ಗತಿ ಎಂದು ಕೇಳಿದ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ.

ಊರಿಗೆ ಹೋದ ಮೇಲೆ ಅವನಿಂದ ಒಂದು ಪತ್ರ ಬಂತು. ಪೋಸ್ಟ್ ಮಾಸ್ತರರು ಓದಿ ಹೇಳಿದರು: ನಿಮ್ಮ ಮುಯ್ಯಿ ನನ್ನ ಮೇಲಿದೆ, ನಿಮ್ಮ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಟ್ಟಿದ್ದೇನೆ, ವರ್ಷಕ್ಕಿಷ್ಟು ಸೇರಿಸುತ್ತೇನೆ, ಮದುವೆ ಯಾವಾಗ ತಿಳಿಸಿ. ಅಕ್ಕನಾಗಮ್ಮನಿಗೆ ಸಮಾಧಾನವಾಯಿತು. ಮುನ್ನೂರ ಹನ್ನೊಂದು ಜನರಲ್ಲಿ ಮುಯ್ಯಿಯ ನೆನಪಿದ್ದವನು ಅವನೊಬ್ಬನೇ. ಮದುವೆ ಇರಲಿಲ್ಲವಾದ್ದರಿಂದ ಆಕೆ ಉತ್ತರ ಬರೆಸಲಿಲ್ಲ.

ದಾವಣಗೆರೆಯ ಕಚೇರಿಯಲ್ಲಿ ಈ ಕಡತ ಇದ್ದದ್ದು ಆದಾಯ ತೆರಿಗೆ ಅಧಿಕಾರಿ ಮಾಲತೇಶಪ್ಪನವರ ಮೇಜಿನ ಮೇಲೆ. ಗುಮಾಸ್ತಗಿರಿಯಿಂದ ಮೇಲೆ ಬಂದ ರಾಣೇಬೆನ್ನೂರು ಕಡೆಯ ಮನುಷ್ಯ, ಸಭ್ಯಸ್ಥರು. ಕೊಟ್ರೇಶನ ಜೊತೆ ಅಕ್ಕನಾಗಮ್ಮ ಬಂದಾಗ ಎದ್ದು ಕುರ್ಚಿ ತೋರಿಸಿದರು.

"ಕೂಡ್ರಿ ಅಮ್ಮ. ಖಾತೆ ನಿಮ್ದು ಹೌದೇನ್ರಿ?"

"ಹೆಸರು ನಂದ್ರಿ."

"ದುಡ್ಡು?"

"ನೀಲ್ಸನ್ ಇಟ್ಟಾನ್ರಿ."

"ಹಂಗಾದ್ರ ನಿಮ್ದಲ್ಲ. ಈ ಫಾರಂನಾಗ 'ನನ್ನದು', 'ನನ್ನದಲ್ಲ' ಅಂತ ಎರಡು ಐತೆ. 'ನನ್ನದು' ಅನ್ನೋದನ್ನ ಗೆರಿ ಎಳದು ಹೊಡದು ಸಹಿ ಹಾಕ್ರಿ, ಮುಗೀತು."

"ಅದೆಂಗ್ರಿ ನಂದಲ್ಲ? ಮುಯ್ಯಿ ನಂದಲ್ಲ ಅಂದ್ರ ಆ ಮನಷ್ಯಾನ ಸಂಬಂಧನ ಬ್ಯಾಡ ಅಂದಂಗ ಆತು."

"ಸರಿ, 'ನನ್ನದು' ಅನ್ರಿ."

"ಮನ್ಯಾಗ ಮದುವಿ ಇಲ್ಲದ ಮುಯ್ಯಿ ನಂದು ಅಂದ್ರ ಜನ ಮಕದ ಮ್ಯಾಲ ಉಗೀತಾರ್ರಿ. ನಿಮ್ಮ ಕಡೆ ಹೆಂಗೈತೆ ಪದ್ಧತಿ?"

ಮಾಲತೇಶಪ್ಪನವರು ತಮ್ಮ ಕಡೆಯ ಪದ್ಧತಿಯೂ ಹಾಗೇ ಎಂದು ಒಪ್ಪಿಕೊಂಡರು. ಅವರ ಕಷ್ಟ ಇದ್ದದ್ದೇ ಅಲ್ಲಿ. ಆಕೆ ಹೇಳುತ್ತಿದ್ದುದರ ಒಂದೊಂದು ಮಾತೂ ಅವರಿಗೆ ಅರ್ಥವಾಗುತ್ತಿತ್ತು, ಫಾರಮ್ಮಿಗೆ ಆಗುತ್ತಿರಲಿಲ್ಲ. ಮಾರ್ಚ್ ಮೂವತ್ತೊಂದರೊಳಗೆ ಎರಡರಲ್ಲಿ ಒಂದನ್ನು ಹೊಡೆಯದಿದ್ದರೆ ಅಷ್ಟೂ ಹಣವನ್ನು ಮೂಲ ತಿಳಿಯದ ಆದಾಯವೆಂದು ತಾವೇ ಬರೆಯಬೇಕಾಗುತ್ತದೆ, ತೆರಿಗೆ ದಂಡ ಎರಡೂ ಬೀಳುತ್ತವೆ, ಕಟ್ಟದಿದ್ದರೆ ಖಾನಾವಳಿ ಜಪ್ತಿಯಾಗುತ್ತದೆ ಎಂದು ತಿಳಿಸಿದರು. ಉಡುಗೊರೆ ಎಂದು ಒಪ್ಪಿಕೊಂಡು ಹಣವನ್ನು ಬ್ಯಾಂಕಿನ ಮೂಲಕ ತರಿಸಿಕೊಂಡರೆ ತೆರಿಗೆ ಏನೂ ಬರುವುದಿಲ್ಲ, ಬಡ್ಡಿಯೂ ಮಿತಿಯೊಳಗೇ ಇದೆ ಎಂದೂ ಹೇಳಿದರು.

"ಏನೂ ಬರಾಂಗಿಲ್ಲ ಅಂದ್ರ ಯಾಕ ಕರಸೀರಿ?"

"ಏನೂ ಬರಾಂಗಿಲ್ಲ ಅಂತ ಬರೀಬೇಕಲ್ರಿ ಅಮ್ಮ!"

ಅಕ್ಕನಾಗಮ್ಮ ಯಾವುದನ್ನೂ ಹೊಡೆಯದೆ, ಎರಡರ ಕೆಳಗೂ ಸಹಿ ಹಾಕಿ, ಬಸ್ಸು ಹಿಡಿದು ಹರಿಹರಕ್ಕೆ ಬಂದಳು. ಸಂಜೆಯ ಪಾಳಿಗೆ ರೊಟ್ಟಿ ಆಗಬೇಕಿತ್ತು. ಆದರೆ ಅಂದು ಮೊದಲ ಬಾರಿಗೆ ಆಕೆಯ ರೊಟ್ಟಿ ಹರಿದವು. ಖಾನಾವಳಿ ಹೋದರೆ ಹೊಟ್ಟೆಗಿಲ್ಲ, ಮಾತು ಹೋದರೆ ಮುನ್ನೂರ ಹನ್ನೊಂದು ಮನೆಗಳ ಮದುವೆಗಳಲ್ಲಿ ನೆಟ್ಟಗೆ ಕೂತು ಉಂಡದ್ದಕ್ಕೆ ಅರ್ಥವಿಲ್ಲ. ಎರಡರಲ್ಲಿ ಯಾವುದನ್ನೂ ಬಿಡಲು ಆಕೆಗೆ ಮನಸ್ಸಿರಲಿಲ್ಲ.

ಮಾಲತೇಶಪ್ಪನವರು ಎರಡು ಸಹಿಯ ಫಾರಮ್ಮನ್ನು ಮೂರು ದಿನ ನೋಡಿದರು. ಕೊನೆಗೆ ಪ್ರಾಮಾಣಿಕರಾದ್ದರಿಂದ ಇದ್ದದ್ದನ್ನೇ ಮೇಲಕ್ಕೆ ಬರೆದರು: 'ಸದರಿಯವರ ಮನೆಯಲ್ಲಿ ಮದುವೆಯಾಗುವವರೆಗೆ ಹಣವು ಅವರದಾಗಿರುವುದಿಲ್ಲ, ಆದರೆ ಅವರದಲ್ಲ ಎನ್ನುವಂತೆಯೂ ಇಲ್ಲ.' ಇಂಥ ಕಾಗದಗಳು ಸಾಮಾನ್ಯವಾಗಿ ಮೇಲೆಲ್ಲೋ ಸತ್ತುಹೋಗುತ್ತವೆ. ಇದು ಸಾಯಲಿಲ್ಲ. ವರ್ಷದ ಲೆಕ್ಕ ಮುಗಿಸುವ ಅವಸರದಲ್ಲಿ ದೆಹಲಿಯವರು ಅದನ್ನು ಫ್ಯಾಕ್ಸಿನಲ್ಲೇ ಡೆನ್ಮಾರ್ಕಿಗೆ ಕಳಿಸಿದರು. ಡೆನ್ಮಾರ್ಕಿನವರು ನೀಲ್ಸನ್ನನನ್ನು ಕರೆಸಿ ಕೇಳಿದರು. ಅವನು ಇದು ಉಡುಗೊರೆಯಲ್ಲ, ಸಾಲವೂ ಅಲ್ಲ, ಮದುವೆಗೆ ಕಾಯುತ್ತಿದ್ದೇನೆ ಎಂದು ಬರೆದುಕೊಟ್ಟ. ಎರಡೂ ಹೇಳಿಕೆಗಳು ಅಕ್ಷರಕ್ಕಕ್ಷರ ತಾಳೆಯಾದದ್ದರಿಂದ ಎರಡೂ ಸರ್ಕಾರಗಳಿಗೆ ಅನುಮಾನ ಹುಟ್ಟಿತು. ಮಾರ್ಚ್ ಎರಡನೆಯ ವಾರ ದಾವಣಗೆರೆಗೆ ಫ್ಯಾಕ್ಸ್ ಬಂತು. ಸದರಿ ಮದುವೆಯ ದಿನಾಂಕ, ವಧೂವರರ ಹೆಸರು, ವಯಸ್ಸು, ವಾಸ, ಆದಾಯ ಮತ್ತು ಪ್ಯಾನ್ ನಂಬರನ್ನು ಕೂಡಲೇ ತಿಳಿಸತಕ್ಕದ್ದು.

ಫ್ಯಾಕ್ಸ್ ಪ್ರತಿ ಹಿಡಿದು ಕೊಟ್ರೇಶ್ ಬಂದಾಗ ಖತೀಜಾಬೀ ಅಲ್ಲೇ ಇದ್ದಳು. ಪಕ್ಕದ ಮಂಡಕ್ಕಿ ಅಂಗಡಿಯವಳು. ಅವಳ ಇಬ್ಬರು ಗಂಡುಮಕ್ಕಳ ಮದುವೆಯ ಮುಯ್ಯಿಯೂ ಪುಸ್ತಕದಲ್ಲಿತ್ತು.

"ಎರಡು ಸರ್ಕಾರ ಕಾಯಾಕ ಹತ್ಯಾವಂತೆ, ನೀನ ಒಬ್ಬನ್ನ ನೋಡ್ಕೊಂಡು ನಿಕಾ ಆಗ್ಬಿಡು ಅಕ್ಕಾ," ಎಂದಳು ಖತೀಜಾಬೀ.

"ಆ ಮಾಲತೇಶಪ್ಪಗ ಹೆಂಡ್ತಿ ಅದಾಳೆ."

"ಛೇ, ಅದೂ ಹೋತು!"

ನಕ್ಕು ಮುಗಿಸಿ ಖತೀಜಾಬೀ ಹಿತ್ತಲ ಬಾಗಿಲಿನತ್ತ ನೋಡಿದಳು. ಅಲ್ಲಿ ಅರಳಿ, ಬೇವು ಜೋಡಿಯಾಗಿ ನಿಂತಿದ್ದವು. ಮಕ್ಕಳಿಲ್ಲದವರು ಎರಡನ್ನೂ ಮಕ್ಕಳೆಂದೇ ಒಟ್ಟಿಗೆ ನೆಟ್ಟು, ಬೆಳೆದ ಮೇಲೆ ಮದುವೆ ಮಾಡಿಸುವುದು ಆ ಸೀಮೆಯ ರೂಢಿ. ಕರಿಬಸಪ್ಪ ನೆಟ್ಟಿದ್ದ, ಮದುವೆ ಮಾಡಿಸುವ ಮೊದಲೇ ಹೋಗಿದ್ದ. ಆಮೇಲೆ ಅಕ್ಕನಾಗಮ್ಮ ಅವುಗಳ ನಡುವೆ ತಂತಿ ಕಟ್ಟಿ ಬಟ್ಟೆ ಒಣಹಾಕುತ್ತಿದ್ದಳು.

"ಅಕ್ಕಾ, ಇವು ವಯಸ್ಸಿಗೆ ಬಂದಾವಲ್ಲ?"

ಅಕ್ಕನಾಗಮ್ಮ ಕೈಯ ಹಿಟ್ಟು ಒರೆಸಿಕೊಂಡು ಎದ್ದಳು. ಹಿತ್ತಲಿಗೆ ಹೋಗಿ ಎರಡೂ ಮರಗಳನ್ನು, ಹೆಣ್ಣು ನೋಡಲು ಬಂದವರ ಹಾಗೆ, ಬುಡದಿಂದ ತುದಿಯವರೆಗೆ ನೋಡಿದಳು. ಬೇವು ಹೂ ಬಿಟ್ಟಿತ್ತು.

"ತಂತಿ ಬಿಚ್ಚು ಕೊಟ್ರೇಶ. ಯುಗಾದಿ ಮರುದಿನ ಭಾನುವಾರ ಬರ್ತೈತೆ. ಲಗ್ನಪತ್ರಿಕಿ ಅಚ್ಚು ಹಾಕ್ಸು. ಮುನ್ನೂರ ಹನ್ನೊಂದು."

ಕೊಟ್ರೇಶ್ ತಂತಿ ಬಿಚ್ಚದೆ ನಿಂತ. ೧೯೮೯ರಲ್ಲಿ ಅವನ ಮದುವೆಗೆ ದೊಡ್ಡವ್ವ ಒಂದು ತೊಲೆ ಉಂಗುರ ಮುಯ್ಯಿ ಮಾಡಿದ್ದಳು. ಒಂದು ತೊಲೆಗೆ ಮೇಲು ಎಷ್ಟು ಹಾಕಬೇಕಾದೀತು ಎಂಬ ಲೆಕ್ಕ ಅವನ ಮುಖದಲ್ಲಿ ಕಾಣುತ್ತಿತ್ತು.

ಲಗ್ನಪತ್ರಿಕೆ ಮುಟ್ಟಿದ ಮನೆಗಳಲ್ಲೆಲ್ಲ ಹಳೆಯ ಪುಸ್ತಕಗಳು ಅಟ್ಟದಿಂದ ಇಳಿದವು. ದಾವಣಗೆರೆಯ ಚೌಕಿಪೇಟೆಯಲ್ಲಿ ಜವಳಿ ಅಂಗಡಿಯಿದ್ದ ಬಕ್ಕೇಶಪ್ಪ ಆಕೆಗೆ ದೂರದ ಮೈದುನ. ಅವನ ಏಳು ಮಕ್ಕಳ ಮದುವೆಗೂ ಮುಯ್ಯಿ ಹೋಗಿತ್ತು. ನಾಲ್ಕು ಹಿರಿಯರನ್ನು ಕಾರಿನಲ್ಲಿ ತುಂಬಿಕೊಂಡು ಅವನು ಖಾನಾವಳಿಗೆ ಬಂದ.

"ಅತ್ಗೆವ್ವ, ಗಿಡದ ಮದುವಿ ಪುಣ್ಯದ ಕೆಲಸ, ಮಾಡು. ಊಟಕ್ಕ ಬರ್ತೀವಿ. ಆದ್ರ ಮುಯ್ಯಿ ಅನ್ನೋದು ರಕ್ತ ಸಂಬಂಧದ ಮದುವಿಗಲ್ಲೇನು?"

"ಬಕ್ಕೇಶಪ್ಪ, ನಿನ್ನ ಮೂರನೇ ಮಗನ್ನ ದತ್ತಕ ತಂದೀಯಲ್ಲ. ಅವನ ಮದುವಿಗೆ ನಾನು ಕೊಪ್ಪರಿಗಿ ಕೊಟ್ಟಾಗ ರಕ್ತ ಯಾವ್ದಂತ ಕೇಳಿದ್ನೇನು?"

"ಹಂಗಲ್ಲ. ಗಿಡಕ್ಕ ಮದುವಿ ಅನ್ನೋದು ಒಂದು ನಂಬಿಕಿ. ಕಾನೂನಿನಾಗ ಅದು ಮದುವಿ ಅಲ್ಲ."

ಅಕ್ಕನಾಗಮ್ಮನಿಗೆ ಈ ಮಾತು ತಟ್ಟಿತು. ಇವರು ಬರುತ್ತಾರೋ ಬಿಡುತ್ತಾರೋ ಆಕೆಗೆ ಚಿಂತೆಯಿರಲಿಲ್ಲ. ಆದರೆ ಇದು ಮದುವೆಯೇ ಅಲ್ಲವೆಂದಾದರೆ ಆಕೆ ಫಾರಮ್ಮಿಗೆ ಸಹಿ ಹಾಕುವ ದಾರಿಯಿಲ್ಲ. ಮರುದಿನವೇ ದಾವಣಗೆರೆಗೆ ಹೋಗಿ ಲಗ್ನಪತ್ರಿಕೆಯನ್ನು ಮಾಲತೇಶಪ್ಪನವರ ಮೇಜಿನ ಮೇಲಿಟ್ಟಳು.

"ಸಾಹೇಬ್ರ, ನೀವು ಹೇಳ್ರಿ. ಇದು ಮದುವಿ ಹೌದೋ ಅಲ್ಲೋ?"

ಮಾಲತೇಶಪ್ಪನವರು ಪತ್ರಿಕೆಯನ್ನು ಎರಡು ಸಲ ಓದಿದರು. ಕಪಾಟಿನಿಂದ ಕಾಯಿದೆ ಪುಸ್ತಕ ತೆಗೆದು ಒಂದು ಗಂಟೆ ಹುಡುಕಿದರು. ಮದುವೆಯೆಂದರೆ ಮನುಷ್ಯರದ್ದೇ ಆಗಿರಬೇಕೆಂದು ಆದಾಯ ತೆರಿಗೆ ಕಾಯಿದೆಯಲ್ಲಿ ಎಲ್ಲಿಯೂ ಇರಲಿಲ್ಲ. ಅವರ ಮುಖ ಒಂದು ತಿಂಗಳಲ್ಲಿ ಮೊದಲ ಸಲ ಅರಳಿತು. ಅಲ್ಲಿಯೇ ಉತ್ತರ ಬರೆಸಿದರು. ವರ: ಅರಳಿ, ವಯಸ್ಸು ಸುಮಾರು ಇಪ್ಪತ್ತೆಂಟು. ವಧು: ಬೇವು, ವಯಸ್ಸು ಅಷ್ಟೇ. ಇಬ್ಬರೂ ಹುಟ್ಟಿದಾಗಿನಿಂದ ಭಾರತವನ್ನು ಬಿಟ್ಟು ಹೋಗಿರದ ಕಾರಣ ನಿವಾಸಿಗಳು. ಆದಾಯವಿಲ್ಲ. ಪ್ಯಾನ್ ನಂಬರಿಗೆ ಅರ್ಜಿ ಹಾಕಿರುವುದಿಲ್ಲ.

"ಅಮ್ಮ, ಮದುವಿ ಆತು ಅನ್ನೋದಕ್ಕ ಕಡತದಾಗ ಪುರಾವೆ ಬೇಕು. ನಾನ ಬರ್ತೀನಿ," ಎಂದರು.

"ಬರ್ರಿ. ಕಾಲಿ ಹೊಟ್ಟ್ಯಾಗ ಬರ್ರಿ."

ಮಾರ್ಚ್ ಇಪ್ಪತ್ತೊಂಬತ್ತರ ಭಾನುವಾರ ಹಿತ್ತಲಲ್ಲಿ ನಿಲ್ಲಲು ಜಾಗವಿರಲಿಲ್ಲ. ಅಯ್ಯನವರು ಮಂತ್ರ ಹೇಳಿ, ಬೇವಿನ ಬುಡಕ್ಕೆ ತಾಳಿ ಕಟ್ಟಿಸಿದರು. ಇದು ಮದುವೆಯೆಂದು ಸರ್ಕಾರವೇ ಒಪ್ಪಿದೆ ಎಂಬ ಸುದ್ದಿ ಹಬ್ಬಿದ್ದರಿಂದ ತಪ್ಪಿಸಿಕೊಳ್ಳುವ ದಾರಿ ಯಾರಿಗೂ ಉಳಿದಿರಲಿಲ್ಲ. ಮನೆ ಜಪ್ತಿಯಾದವರ ಹಾಗೆ ಮುಖ ಮಾಡಿಕೊಂಡು ಒಬ್ಬೊಬ್ಬರೇ ಮುಯ್ಯಿ ಒಪ್ಪಿಸಿದರು. ಹಂಡೆ, ಕೊಳಗ, ಸೀರೆ, ಸಾವಿರದ ಒಂದು, ಐನೂರ ಒಂದು. ಬಕ್ಕೇಶಪ್ಪ ಏಳು ಮದುವೆಯ ಮುಯ್ಯಿಯನ್ನು ಒಂದೇ ಟ್ರಂಕಿನಲ್ಲಿ ತಂದಿದ್ದ. ಕೊಟ್ರೇಶ್ ಉಂಗುರ ಕೊಟ್ಟು, ತೂಕದ ಚೀಟಿಯನ್ನೂ ಜೊತೆಗಿಟ್ಟ. ಖತೀಜಾಬೀ ಒಬ್ಬಳು ಮಾತ್ರ ನಗುತ್ತ ಕೊಟ್ಟಳು. ಅಕ್ಕನಾಗಮ್ಮ ಯಾರಿಗೂ ಬೇಡವೆನ್ನಲಿಲ್ಲ, ಯಾರಿಗೂ ಉಪಚಾರದ ಮಾತಾಡಲಿಲ್ಲ. ಪುಸ್ತಕದ ಎಡಗಡೆ ನೋಡಿ ಬಲಗಡೆ ಬರೆದಳು.

ಕೊನೆಗೆ ಪೆನ್ನು ಹಿಡಿದು ಮಾಲತೇಶಪ್ಪನವರ ಕಡೆ ತಿರುಗಿದಳು. "ಡೆನ್ಮಾರ್ಕಿಂದು ತರ್ರಿ."

ಅವರು ಹೊಸ ಫಾರಂ ಕೊಟ್ಟರು. 'ನನ್ನದಲ್ಲ' ಎಂಬುದನ್ನು ಆಕೆ ಅಡ್ಡಗೆರೆ ಎಳೆದು ಹೊಡೆದಳು. ಸಹಿ ಹಾಕಿದಳು. ಪುಸ್ತಕದ ಬಲಗಡೆ ನೀಲ್ಸನ್ ಎಂದು ಬರೆದು, ಶಾಯಿಗೆ ಮರಳು ಹಾಕಿ ಒಣಗಿಸುವಷ್ಟು ಹೊತ್ತು ಆ ಹೆಸರನ್ನೇ ನೋಡಿದಳು. ಇಪ್ಪತ್ತಮೂರು ವರ್ಷ ಬಿಗಿಹಿಡಿದಿದ್ದ ಬೆನ್ನು ಒಂದು ಬೆರಳಿನಷ್ಟು ಸಡಿಲವಾಯಿತು.

ಮಾಲತೇಶಪ್ಪನವರು ಅಲ್ಲಿಯೇ ಮೊಣಕಾಲ ಮೇಲೆ ಕಾಗದವಿಟ್ಟುಕೊಂಡು ಲೆಕ್ಕ ಮಾಡಿದರು. "ತೆರಿಗಿ ಸೊನ್ನೆ. ನಾಳೆ ಕಡತ ಮುಚ್ಚಿಬಿಡ್ತೀನಿ ಅಮ್ಮ."

"ಸೊನ್ನೆನಾ? ಸರ್ಕಾರ ಮದುವಿಗೆ ಬಂದು, ಉಂಡು, ಬರಿಗೈಲಿ ಹೋಗ್ತೈತೇನು?"

"ಕಾಯಿದೆ ಪ್ರಕಾರ ಏನೂ ಬರಾಂಗಿಲ್ರಿ."

"ಕಾಯಿದಿ ನಿಮ್ದು, ಮನಿ ನಂದು. ಮದುವಿ ಮನಿಯಿಂದ ಸೊನ್ನೆ ಯಾರೂ ಒಯ್ಯಬಾರದು. ಒಂದು ರೂಪಾಯಿ ಬರ್ಕಳ್ರಿ."

ಸುತ್ತ ನೂರು ಜನ ನೋಡುತ್ತಿದ್ದರು. ಹೊಟ್ಟೆಯಲ್ಲಿ ಆರು ಹೋಳಿಗೆಯಿತ್ತು. ಮಾಲತೇಶಪ್ಪನವರಿಗೆ ಬೇಡವೆನ್ನಲಾಗಲಿಲ್ಲ. ಮರುದಿನ ಕೊಟ್ರೇಶ್ ಬ್ಯಾಂಕಿಗೆ ಹೋಗಿ ಅಕ್ಕನಾಗಮ್ಮನ ಹೆಸರಿನಲ್ಲಿ ಒಂದು ರೂಪಾಯಿಯ ಚಲನ್ ಕಟ್ಟಿದ. ಡೆನ್ಮಾರ್ಕಿನ ಹಣ ಮೇ ತಿಂಗಳಲ್ಲಿ ಬಂತು, ಆಕೆ ಖಾನಾವಳಿಗೆ ತಾರಸಿ ಹಾಕಿಸಿದಳು.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಮಾಲತೇಶಪ್ಪನವರು ತಾವಾಗಿ ಬಂದರು. ಉಂಡು ಕೈತೊಳೆದುಕೊಂಡು ಒಂದು ಕಾಗದ ಮುಂದಿಟ್ಟರು. ಬರಬೇಕಾದ ತೆರಿಗೆ ಸೊನ್ನೆ, ಬಂದದ್ದು ಒಂದು ರೂಪಾಯಿ. ಹೆಚ್ಚಿಗೆ ಬಂದದ್ದನ್ನು ಇಲಾಖೆ ಹಿಂದಿರುಗಿಸಬೇಕು. ಇದು ಆ ರೂಪಾಯಿಯ ಚೆಕ್ಕು.

"ತಗೊಂಡು ಇಲ್ಲೊಂದು ಸಹಿ ಹಾಕ್ರಿ ಅಮ್ಮ. ಇದೊಂದು ಆದ್ರ ಮುಗೀತು. ದೆಹಲಿಯಿಂದ ಎರಡು ಸಲ ಕೇಳ್ಯಾರೆ, ಅವ್ರಿಗೆ ಡೆನ್ಮಾರ್ಕಿನೋರು ಕೇಳ್ಯಾರಂತೆ, ಕಡತ ಯಾಕ ಮುಚ್ಚಿಲ್ಲ ಅಂತ."

ಅಕ್ಕನಾಗಮ್ಮ ಚೆಕ್ಕನ್ನು ಮುಟ್ಟಲಿಲ್ಲ.

"ಮದುವಿ ಮನ್ಯಾಗ ಕೊಟ್ಟು ಕಳಿಸಿದ್ದನ್ನ ವಾಪಸ್ ತರ್ತಾರೇನ್ರಿ? ನಿಮಗ ಪದ್ಧತಿ ತಿಳೀದು ಅಂತಲ್ಲ. ಅವ್ರಿಗೆ ತಿಳಿಸಿ ಬರೀರಿ."

ಮಾಲತೇಶಪ್ಪನವರು ಚೆಕ್ಕನ್ನು ಮಡಿಸಿ ಜೇಬಿಗಿಟ್ಟುಕೊಂಡು, ಪೆನ್ನು ತೆಗೆದು, ಅದೇ ಮೇಜಿನ ಮೇಲೆ ದೆಹಲಿಗೆ ಕಾಗದ ಬರೆಯಲು ಕೂತರು.